ಘಟನಾ ವರದಿ: ಕಂಡದ್ದೆಷ್ಟು, ಊಹಿಸಿದ್ದೆಷ್ಟು

ವಿಕಲಚೇತನರ ಆರೈಕೆಯಲ್ಲಿ ಬೀಳುವುದು, ಗಾಯ, ಫಿಟ್ಸ್, ಮಾತ್ರೆ ಕೊಡುವಲ್ಲಿ ತಪ್ಪು, ಹಲ್ಲೆ, ಹೇಳದೆ ಹೊರಟುಹೋಗುವುದು, ಇವೆಲ್ಲಕ್ಕೂ ವರದಿ ಬೇಕು. ಕೂದಲೆಳೆಯಲ್ಲಿ ತಪ್ಪಿದ ಅನಾಹುತಕ್ಕೂ ಬೇಕು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಮೊದಲು ವ್ಯಕ್ತಿಯ ಸುರಕ್ಷತೆ ಮತ್ತು ಚಿಕಿತ್ಸೆ, ಆಮೇಲೆ ಮೇಲ್ವಿಚಾರಕರಿಗೆ ಫೋನ್, ನಂತರ ಬರವಣಿಗೆ. ಆದರೆ ಶಿಫ್ಟ್ ಮುಗಿಯುವ ಮೊದಲೇ ಬರೆದಿರಬೇಕು. ಮರುದಿನದ ಹೊತ್ತಿಗೆ ನೆನಪು ಖಾಲಿ ಜಾಗಗಳನ್ನು ತಾನೇ ತುಂಬಿಕೊಂಡಿರುತ್ತದೆ.

ಈ ಸಾಲು ನೋಡಿ: "ಸಂಜೆ ಅವರು ಸಿಟ್ಟಾಗಿ ಗಲಾಟೆ ಮಾಡಿದರು, ಸಮಾಧಾನ ಮಾಡಲಾಯಿತು." ಇದರಿಂದ ಯಾರಿಗೂ ಏನೂ ತಿಳಿಯದು. ಹೀಗೆ ಬರೆದರೆ ಬೇರೆಯೇ ಆಗುತ್ತದೆ: "18:10ಕ್ಕೆ ಪಕ್ಕದ ಕೋಣೆಯಲ್ಲಿ ಟಿ.ವಿ. ಜೋರಾಯಿತು. ಅವರು ಎರಡೂ ಕಿವಿ ಮುಚ್ಚಿಕೊಂಡರು, ಬಲಗೈಯಿಂದ ಮೇಜನ್ನು ನಾಲ್ಕು ಬಾರಿ ಬಡಿದರು. ನಾನು ಟಿ.ವಿ. ಆರಿಸಿದೆ. 18:16ಕ್ಕೆ ಬಡಿಯುವುದು ನಿಂತಿತು." ಸಿಟ್ಟು ನಮ್ಮ ಊಹೆ, ಕಿವಿ ಮುಚ್ಚಿಕೊಂಡದ್ದು ಕಣ್ಣಾರೆ ಕಂಡದ್ದು. ಮುಂಚೆ ಏನಾಯಿತು, ವ್ಯಕ್ತಿ ಏನು ಮಾಡಿದರು, ಆಮೇಲೆ ಏನಾಯಿತು ಎಂಬ ಈ ಕ್ರಮದಲ್ಲಿ ಬರೆದರೆ ಶಬ್ದವೇ ಕಾರಣವಿರಬಹುದೆಂದು ಓದಿದವರಿಗೆ ಹೊಳೆಯುತ್ತದೆ, ಆರೈಕೆ ಯೋಜನೆಯೂ ಬದಲಾಗಬಹುದು. "ಗಲಾಟೆ" ಎಂದು ಬರೆದರೆ ವ್ಯಕ್ತಿಗೆ ಒಂದು ಹಣೆಪಟ್ಟಿ ಅಂಟುತ್ತದೆ, ಅಷ್ಟೇ.

"ಸಮಾಧಾನ ಮಾಡಲಾಯಿತು", "ಮಾತ್ರೆ ಕೊಡಲಾಯಿತು" ಎಂಬ ಧಾಟಿಯನ್ನೂ ಬಿಡಿ. ಕಚೇರಿ ಭಾಷೆಯಂತೆ ಕೇಳಿಸುತ್ತದೆ, ಮಾಡಿದ್ದು ಯಾರು ಎಂಬುದನ್ನು ಮಾತ್ರ ನುಂಗಿಹಾಕುತ್ತದೆ.

ಬಿದ್ದದ್ದನ್ನು ನೀವು ನೋಡಿಲ್ಲವೇ? ಹಾಗಾದರೆ "ಬಿದ್ದರು" ಎನ್ನಬೇಡಿ. "06:40ಕ್ಕೆ ಮಂಚದ ಎಡಬದಿಯ ನೆಲದ ಮೇಲೆ, ಬಲ ಮಗ್ಗುಲಾಗಿ ಮಲಗಿದ್ದುದನ್ನು ಕಂಡೆ" ಎನ್ನಿ. ಅವರನ್ನು ಕೊನೆಯ ಬಾರಿ ಯಾರು, ಎಷ್ಟು ಹೊತ್ತಿಗೆ ನೋಡಿದ್ದರೆಂದೂ ಸೇರಿಸಿ. ತಲೆಗೆ ಪೆಟ್ಟಾಗಿಲ್ಲ ಎಂದು ನಿಮ್ಮಷ್ಟಕ್ಕೆ ತೀರ್ಮಾನಿಸಬೇಡಿ. ಗಾಯವಿದ್ದರೆ ಯಾವ ಬದಿ, ಎಷ್ಟು ಸೆಂ.ಮೀ., ಯಾವ ಬಣ್ಣ ಎಂದು ಬರೆದು ದೇಹದ ನಕ್ಷೆಯಲ್ಲಿ (ಮೈಯ ರೇಖಾಚಿತ್ರವಿರುವ ಹಾಳೆ) ಗುರುತು ಹಾಕಿ. "ಸಣ್ಣ ಗಾಯ" ಎಂದರೆ ಒಬ್ಬೊಬ್ಬರಿಗೆ ಒಂದೊಂದು ಅಳತೆ.

ಫಿಟ್ಸ್‌ಗೆ ಶುರುವಾದ, ನಿಂತ ಸಮಯ ಎರಡೂ ಗಡಿಯಾರ ನೋಡಿಯೇ ಬೇಕು. ಗಾಬರಿಯಲ್ಲಿ ಒಂದು ನಿಮಿಷ ಐದರಂತೆ ಕಾಣುತ್ತದೆ, ಆದರೆ 5 ನಿಮಿಷ ದಾಟಿದ ಫಿಟ್ಸ್ ತುರ್ತು ಪರಿಸ್ಥಿತಿ. ಮಾತ್ರೆಯ ತಪ್ಪಿಗೆ ಔಷಧಿಯ ಹೆಸರು, ಕೊಡಬೇಕಿದ್ದ ಡೋಸ್, ಕೊಟ್ಟ ಡೋಸ್, ಎರಡರ ಸಮಯ, ಯಾವ ವೈದ್ಯರಿಗೆ ತಿಳಿಸಿದಿರಿ, ಅವರು ಏನು ಹೇಳಿದರು, ಎಲ್ಲವೂ ಬೇಕು. ಯಾರನ್ನಾದರೂ ಹಿಡಿದು ನಿಲ್ಲಿಸಿದ್ದರೆ ಹೇಗೆ ಹಿಡಿದಿರಿ, ಎಷ್ಟು ಹೊತ್ತು, ಅದಕ್ಕೆ ಅನುಮತಿ ಇತ್ತೇ ಎಂಬುದನ್ನು ಮುಚ್ಚಿಡದೆ ಬರೆಯಿರಿ.

ವ್ಯಕ್ತಿಯೇ ಹಲ್ಲೆ ಅಥವಾ ದೌರ್ಜನ್ಯದ ಬಗ್ಗೆ ಹೇಳಿಕೊಂಡರೆ ಅವರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇದ್ದಂತೆಯೇ ಇಡಿ, ವ್ಯಾಕರಣ ತಿದ್ದಬೇಡಿ. ಚಿತ್ರ ತೋರಿಸಿ ಅಥವಾ ಸನ್ನೆಯಲ್ಲಿ ಹೇಳಿದ್ದರೆ ಯಾವ ಚಿತ್ರ, ಯಾವ ಸನ್ನೆ ಎಂದು ಬರೆಯಿರಿ. "ಅವನೇ ಹೊಡೆದನಾ?" ಎಂಬಂಥ, ಉತ್ತರವನ್ನು ತಾನೇ ಬಾಯಿಗಿಡುವ ಪ್ರಶ್ನೆ ಕೇಳಬೇಡಿ, ಅದು ಮುಂದಿನ ತನಿಖೆಯನ್ನೇ ಕೆಡಿಸುತ್ತದೆ. ಇಬ್ಬರು ನೋಡಿದ್ದರೆ ಇಬ್ಬರೂ ಬೇರೆ ಬೇರೆ ಬರೆಯಬೇಕು. ಮಾತಾಡಿಕೊಂಡು ಒಂದೇ ಥರ ಬರೆದ ಎರಡು ವರದಿಗಳ ಬೆಲೆ ಒಂದಕ್ಕಿಂತ ಕಡಿಮೆ.

ಕಾಗದದ ಮೇಲೆ ತಪ್ಪಾದರೆ ವೈಟ್ನರ್ ಬೇಡ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು ಸಹಿ, ದಿನಾಂಕ ಹಾಕಿ. ಆಮೇಲೆ ನೆನಪಾದದ್ದನ್ನು "ತಡವಾಗಿ ಸೇರಿಸಿದ್ದು" ಎಂದು ಸಮಯದೊಂದಿಗೆ ಕೆಳಗೆ ಬರೆಯಿರಿ.