ಕಾರಣ ಕೇಳೋದು ಬೇರೆ, ಲೆಕ್ಕ ಕೇಳೋದು ಬೇರೆ: ಅಲ್ಗಾರಿದಮ್ ಕಾನೂನಿನ ಟಿಪ್ಪಣಿ

ಅಲ್ಗಾರಿದಮ್ ಅಂದರೆ ಕಂಪ್ಯೂಟರ್ ತೀರ್ಮಾನ ಮಾಡಲು ಬಳಸುವ ಸೂತ್ರ. ಇದರ ಕಾನೂನಿನ ಪಠ್ಯದಲ್ಲಿ ‘ಪಕ್ಷಪಾತ ಮತ್ತು ಪಾರದರ್ಶಕತೆ’ (ತೀರ್ಮಾನ ಹೇಗಾಯಿತು ಅಂತ ತಿಳಿಸುವುದು) ಅಂತ ಜೋಡಿಯಾಗಿಯೇ ಬರುತ್ತದೆ. ಓದುವಾಗ ಎರಡನ್ನೂ ಬಿಡಿಸಿ ಇಟ್ಟುಕೊಳ್ಳಿ. ಒಂದಿದ್ದರೆ ಇನ್ನೊಂದು ತಾನಾಗಿ ಬರುವುದಿಲ್ಲ.

ಕೋರಮಂಗಲದ ಡೆಲಿವರಿ ಹುಡುಗನೊಬ್ಬನ ಐಡಿ ಬ್ಲಾಕ್ ಆಯಿತು ಅಂದುಕೊಳ್ಳಿ. ಅವನಿಗೆ ಬೇಕಿರುವುದು ಕಾರಣ. ಕರ್ನಾಟಕದ 2025ರ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಕೆಲಸ ಮಾಡುವವರ) ಕಾಯ್ದೆ ಇದಕ್ಕೆ ದಾರಿ ಮಾಡಿದೆ. ಕೆಲಸದಿಂದ ತೆಗೆಯುವ ಮುನ್ನ ಕಾರಣ ಬರೆದು 14 ದಿನಗಳ ನೋಟಿಸ್ ಕೊಡಬೇಕು. ಆ್ಯಪ್ ಕೆಲಸ ಹಂಚುವ, ರೇಟಿಂಗ್ ಹಾಕುವ ರೀತಿಯ ಬಗ್ಗೆ ಅವನು ಮಾಹಿತಿ ಕೇಳಬಹುದು.

ಆದರೆ ಹೆಂಗಸರಿಗೆ ಕಡಿಮೆ ಆರ್ಡರ್ ಸಿಗುತ್ತಿದೆಯಾ? ಇದು ಒಬ್ಬರ ನೋಟಿಸ್‌ನಲ್ಲಿ ಕಾಣುವುದಿಲ್ಲ. ಎಲ್ಲರ ಅಂಕಿ ಒಟ್ಟಿಗಿಟ್ಟು ನೋಡಬೇಕು.

‘ಜಾತಿ, ಲಿಂಗದ ಕಾಲಂ ತೆಗೆದರೆ ಪಕ್ಷಪಾತ ಹೋಯಿತು’ ಅಂತ ಸುಮ್ನೆ ಬರೆದುಬಿಡಬೇಡಿ. ಪಿನ್‌ಕೋಡ್, ಓದಿದ ಕಾಲೇಜು ಇಂಥವೇ ಆ ಕಾಲಂಗಳ ಕೆಲಸ ಮಾಡಿಬಿಡುತ್ತವೆ. ಅಮೆಜಾನ್ ಪ್ರಯೋಗಕ್ಕೆಂದು ಕಟ್ಟಿ ಕೈಬಿಟ್ಟ ನೇಮಕಾತಿ ಸಾಧನದ ಸುದ್ದಿ 2018ರಲ್ಲಿ ಹೊರಬಂತು. ಹಳೆಯ ರೆಸ್ಯೂಮೆಗಳಲ್ಲಿ ಗಂಡಸರದ್ದೇ ಜಾಸ್ತಿ. ಅದರಿಂದ ಕಲಿತ ಯಂತ್ರ, ಮಹಿಳಾ ಕಾಲೇಜಿನ ಹೆಸರು ಕಂಡರೂ ಅಂಕ ಇಳಿಸುತ್ತಿತ್ತು.

ಈಗ ಲೆಕ್ಕ. 100 ಗಂಡಸರಲ್ಲಿ 40 ಜನ, 100 ಹೆಂಗಸರಲ್ಲಿ 28 ಜನ ಆಯ್ಕೆಯಾದರು. 28ನ್ನು 40ರಿಂದ ಭಾಗಿಸಿ: 0.7. ಅಮೆರಿಕದ 1978ರ ಮಾರ್ಗಸೂಚಿ ಪ್ರಕಾರ ಇದು 0.8ಕ್ಕಿಂತ ಕಡಿಮೆಯಾದರೆ ಅನುಮಾನ ಪಡಬೇಕು. ಅಪರಾಧ ಸಾಬೀತಾಯಿತು ಅಂತಲ್ಲ, ಕೆದಕಿ ನೋಡಬೇಕು ಅಂತ.

ನ್ಯೂಯಾರ್ಕ್ ನಗರದ ಸ್ಥಳೀಯ ಕಾನೂನು 144 ಜಾರಿಯಾಗಿದ್ದು 2023ರ ಜುಲೈನಲ್ಲಿ. ನೇಮಕಾತಿ ಸಾಧನಕ್ಕೆ ವರ್ಷಕ್ಕೊಮ್ಮೆ ಹೊರಗಿನವರಿಂದ ಆಡಿಟ್ ಆಗಬೇಕು, ಈ ಅನುಪಾತ ಪ್ರಕಟವಾಗಬೇಕು. ತಮಾಷೆ ಅಂದರೆ, ಅನುಪಾತ ಕೆಟ್ಟದಾಗಿದ್ದರೆ ಸಾಧನ ನಿಲ್ಲಿಸಿ ಅಂತ ಆ ಕಾನೂನು ಹೇಳುವುದಿಲ್ಲ. ಪಾರದರ್ಶಕತೆ ಇದೆ, ಮುಂದೇನು? ನಮ್ಮ ಕರ್ನಾಟಕದ ಗಿಗ್ ಕಾಯ್ದೆ ಇದಕ್ಕೆ ಉಲ್ಟಾ. ತಾರತಮ್ಯ ತಡೆಯಿರಿ ಅನ್ನುತ್ತದೆ, ಅಂಥ ವಾರ್ಷಿಕ ಆಡಿಟ್ ಕೇಳುವುದಿಲ್ಲ.

ಯುರೋಪಿನ ದತ್ತಾಂಶ ರಕ್ಷಣೆ ಕಾನೂನಾದ ಜಿಡಿಪಿಆರ್‌ನ 22ನೇ ವಿಧಿ ಬೇರೆಯೇ ದಾರಿ: ಯಂತ್ರವೊಂದೇ ಮಾಡಿದ ದೊಡ್ಡ ತೀರ್ಮಾನವನ್ನು ಮನುಷ್ಯರು ನೋಡಬೇಕೆಂದು ಕೇಳಬಹುದು. ಭಾರತದ 2023ರ ಡಿಜಿಟಲ್ ದತ್ತಾಂಶ ಕಾಯ್ದೆಯಲ್ಲಿ ಆ ಹಕ್ಕಿಲ್ಲ. ತೀರ್ಮಾನಕ್ಕೆ ಬಳಸುವ ಮಾಹಿತಿ ನಿಖರ, ಪೂರ್ಣ ಇರಲಿ ಅಂತ ಅದರ 8ನೇ ಸೆಕ್ಷನ್ ಹೇಳುತ್ತದೆ, ಅಷ್ಟೇ. ಇಲ್ಲೇ ನನ್ನ ತಕರಾರು. ಅಮೆಜಾನ್‌ನ ನೇಮಕಾತಿ ಯಂತ್ರ ತಪ್ಪಿದ್ದು ರೆಸ್ಯೂಮೆಗಳು ಸುಳ್ಳಾಗಿದ್ದವು ಅಂತ ಅಲ್ಲವಲ್ಲ, ಅವುಗಳಲ್ಲಿ ಗಂಡಸರದ್ದೇ ಜಾಸ್ತಿ ಇದ್ದವು ಅಂತ.