ಪದ ಪರಿಚಯ: ಟಿಯರ್‌ಡೌನ್

ಒಂದು ಎಲೆಕ್ಟ್ರಾನಿಕ್ ಸಾಧನವನ್ನು ಭಾಗ ಭಾಗವಾಗಿ ಬಿಚ್ಚಿ, ಯಾವುದು ಏನು ಕೆಲಸ ಮಾಡುತ್ತದೆ ಎಂದು ತಿಳಿಯುವುದಕ್ಕೆ ಟಿಯರ್‌ಡೌನ್ ಎನ್ನುತ್ತಾರೆ. ರಿಪೇರಿಗೂ ಬಿಚ್ಚುತ್ತೇವೆ, ಆದರೆ ಅಲ್ಲಿ ಕೆಟ್ಟ ಭಾಗ ಸಿಕ್ಕರೆ ಸಾಕು. ಇಲ್ಲಿ ಚೆನ್ನಾಗಿರುವ ಭಾಗವನ್ನೂ ಹಿಡಿದು, ಇದು ಇಲ್ಲಿ ಯಾಕಿದೆ ಎಂದು ಕೇಳಬೇಕು. ಹಾಗೆ ತಿಳಿದುಕೊಂಡು ಸರ್ಕ್ಯೂಟಿನ ನಕ್ಷೆಯನ್ನೇ ಮತ್ತೆ ಬರೆಯಲು ಹೊರಟರೆ ಅದು ರಿವರ್ಸ್ ಇಂಜಿನಿಯರಿಂಗ್.

ಹೊಸ ಫೋನ್ ಬಂದಾಗ ಐಫಿಕ್ಸಿಟ್‌ನಂಥ ಕಂಪನಿಗಳು ಅದನ್ನು ಬಿಚ್ಚಿ, ರಿಪೇರಿ ಎಷ್ಟು ಸುಲಭ ಎಂದು 10ಕ್ಕೆ ಅಂಕ ಕೊಡುತ್ತವೆ. ಆದರೆ ಹೊಸದಾಗಿ ಕಲಿಯುವವರಿಗೆ ಫೋನ್ ಬೇಡ. ಅದರ ಬ್ಯಾಟರಿಗೆ ಸ್ಕ್ರೂ ಡ್ರೈವರ್ ಚುಚ್ಚಿದರೆ ಬೆಂಕಿ ಹತ್ತಬಹುದು. ಮೈಕ್ರೋವೇವ್ ಒಲೆ, ಹಳೆಯ ದಪ್ಪ ಟಿವಿಗಳನ್ನಂತೂ ಮುಟ್ಟಲೇಬೇಡಿ. ಪ್ಲಗ್ ತೆಗೆದ ಮೇಲೂ ಅವುಗಳೊಳಗೆ ಜೀವಕ್ಕೆ ಕುತ್ತು ತರುವಷ್ಟು ವಿದ್ಯುತ್ ಉಳಿದಿರಬಹುದು.

ನನ್ನ ಪ್ರಕಾರ ಮೊದಲ ಟಿಯರ್‌ಡೌನ್‌ಗೆ ಗೋಡೆ ಗಡಿಯಾರದಷ್ಟು ಒಳ್ಳೆಯದು ಇನ್ನೊಂದಿಲ್ಲ. ಇರುವುದು 1.5 ವೋಲ್ಟಿನ ಒಂದು ಸೆಲ್ಲು. ಸೆಲ್ಲು ತೆಗೆದು, ಮುಳ್ಳುಗಳನ್ನು ಮೆಲ್ಲಗೆ ಎಳೆದು, ಹಿಂದಿನ ಕಪ್ಪು ಡಬ್ಬಿಯ ಮುಚ್ಚಳ ಬಿಡಿಸಿ. ಏನನ್ನೂ ಎತ್ತುವ ಮೊದಲು ಒಂದು ಫೋಟೋ ತೆಗೆದುಕೊಳ್ಳಿ, ಗೇರ್‌ಗಳ ಜಾಗ ಮರೆತುಹೋಗುತ್ತದೆ.

ಒಳಗೆ ತಾಮ್ರದ ತಂತಿಯ ಸುರುಳಿ, ಚಿಕ್ಕ ಮ್ಯಾಗ್ನೆಟ್, ಪ್ಲಾಸ್ಟಿಕ್ ಗೇರ್‌ಗಳು, ಬೆರಳಗಲದ ಸರ್ಕ್ಯೂಟ್ ಬೋರ್ಡ್ ಕಾಣುತ್ತವೆ. ಬೋರ್ಡಿನ ಮೇಲಿನ ಲೋಹದ ಪುಟ್ಟ ಕೊಳವೆಯೊಳಗೆ ಕವಲಿನ ಆಕಾರದ ಕ್ವಾರ್ಟ್ಜ್ ಹರಳಿದೆ. ವಿದ್ಯುತ್ ಕೊಟ್ಟರೆ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸರಿಯಾಗಿ ಅಷ್ಟೇ ಸಲ ಯಾಕೆ? ಆ ಸಂಖ್ಯೆಯನ್ನು ಅರ್ಧ ಮಾಡುತ್ತಾ ಹೋಗಿ. 15ನೇ ಸಲಕ್ಕೆ ಸರಿಯಾಗಿ 1 ಬರುತ್ತದೆ! ಅರ್ಧ ಮಾಡುವ ಕೆಲಸ ಪಕ್ಕದಲ್ಲೇ ಕಪ್ಪು ಅಂಟಿನ ಹನಿಯ ಕೆಳಗಿರುವ ಚಿಪ್‌ನದು. ಅದು ಸೆಕೆಂಡಿಗೊಮ್ಮೆ ಸುರುಳಿಗೆ ಒಂದು ಸಣ್ಣ ವಿದ್ಯುತ್ ಮಿಡಿತ ಕಳಿಸುತ್ತದೆ, ಪ್ರತಿ ಸಲವೂ ದಿಕ್ಕು ಬದಲಿಸಿ. ವಿದ್ಯುತ್ ಹರಿದಾಗ ಸುರುಳಿಯೂ ಕಾಂತವಾಗುತ್ತದೆ. ದಿಕ್ಕು ಬದಲಾದಾಗ ಅದರ ಧ್ರುವಗಳು ಅದಲುಬದಲಾಗಿ, ಚಿಕ್ಕ ಮ್ಯಾಗ್ನೆಟ್ ಅರ್ಧ ಸುತ್ತು ತಿರುಗುತ್ತದೆ. ನಾವು ಕೇಳುವ ಟಿಕ್ ಅಲ್ಲಿ ಹುಟ್ಟುವುದು. ಮ್ಯಾಗ್ನೆಟ್ 30 ಸುತ್ತು ಹಾಕಿದರೆ ಸೆಕೆಂಡಿನ ಮುಳ್ಳಿಗೆ 1 ಸುತ್ತು. ಮುಂದೆ ಸೆಕೆಂಡಿನ ಮುಳ್ಳಿನ 60 ಸುತ್ತಿಗೆ ನಿಮಿಷದ ಮುಳ್ಳು 1 ಸುತ್ತು, ನಿಮಿಷದ ಮುಳ್ಳಿನ 12 ಸುತ್ತಿಗೆ ಗಂಟೆಯ ಮುಳ್ಳು 1 ಸುತ್ತು. ಹಲ್ಲುಗಳನ್ನು ಎಣಿಸಿ ನೀವೇ ಪರೀಕ್ಷಿಸಬಹುದು.

ಹೀಗೆ ನೋಡಿದ ಮೇಲೆ ಹೊರಗಿನ ಸಂಗತಿಗಳಿಗೂ ಕಾರಣ ಹೊಳೆಯುತ್ತದೆ. ಸೆಲ್ಲು ಮುಗಿಯುತ್ತಾ ಬಂದಾಗ ಸೆಕೆಂಡಿನ ಮುಳ್ಳು ಹೆಚ್ಚಾಗಿ 9ರ ಹತ್ತಿರವೇ ತಡವರಿಸುತ್ತದೆ, ಗಮನಿಸಿದ್ದೀರಾ? ಹರಳು ಇನ್ನೂ ಕಂಪಿಸುತ್ತಿದೆ, ಮಿಡಿತವೂ ಸರಿಯಾಗಿ ಬರುತ್ತಿದೆ. ಆದರೆ 9ರಲ್ಲಿ ಮುಳ್ಳು ಅಡ್ಡಕ್ಕೆ ಚಾಚಿಕೊಂಡು ಮೇಲಕ್ಕೆ ಏರಬೇಕು, ಅದರ ಭಾರ ಅಲ್ಲೇ ಜಾಸ್ತಿ ಎಳೆಯುತ್ತದೆ. ಬಲ ಸಾಲದ ಸುರುಳಿಗೆ ಮ್ಯಾಗ್ನೆಟ್ಟನ್ನು ಪೂರ್ತಿ ಅರ್ಧ ಸುತ್ತು ದಾಟಿಸಲು ಆಗುವುದಿಲ್ಲ. ಅದು ತಿರುಗಿದ ಹಾಗೆ ಮಾಡಿ ಹಿಂದಕ್ಕೆ ಬೀಳುತ್ತದೆ. ಸೆಕೆಂಡಿನ ಮುಳ್ಳನ್ನು ತೆಗೆದುಬಿಟ್ಟರೆ ಅದೇ ಸೆಲ್ಲಿನಲ್ಲಿ ಗಡಿಯಾರ ಇನ್ನೂ ಸ್ವಲ್ಪ ಕಾಲ ನಡೆಯಬಹುದು, ಮಾಡಿ ನೋಡಿ.