ಖಾಲಿ ಫೋರ್ಕ್‌ಲಿಫ್ಟ್ ತಿರುವಿನಲ್ಲಿ ಮಗುಚುವುದೇಕೆ?

ಮುಂದೆ ಚಾಚಿದ ಕಬ್ಬಿಣದ ಕೈಗಳ (ಫೋರ್ಕ್) ಮೇಲೆ ಎರಡು ಟನ್ ಸರಕು ಹೊತ್ತ ಫೋರ್ಕ್‌ಲಿಫ್ಟ್ ಗಾಡಿ ಬರುತ್ತಿದ್ದರೆ ಗೋದಾಮಿನಲ್ಲಿ ಎಲ್ಲರೂ ದಾರಿ ಬಿಡುತ್ತಾರೆ. ಡ್ರೈವರ್ ಕೂಡ ಮೈಯೆಲ್ಲ ಕಣ್ಣಾಗಿ ನಿಧಾನವಾಗಿ ಓಡಿಸುತ್ತಾನೆ. ಸರಕು ಇಳಿಸಿ ಖಾಲಿ ಗಾಡಿಯಲ್ಲಿ ಮರಳುವಾಗ ವೇಗ ಏರುತ್ತದೆ. ಭಾರ ಇಳಿಯಿತಲ್ಲ, ಇನ್ನೇನು ಭಯ ಎಂಬ ಲೆಕ್ಕ. ತಿರುವಿನ ಮಟ್ಟಿಗೆ ಈ ಲೆಕ್ಕ ತಲೆಕೆಳಗು. ಸರಕನ್ನು ನೆಲಕ್ಕೆ ಹತ್ತಿರ ಹಿಡಿದು ಹೋಗುವ ಗಾಡಿಗಿಂತ ಖಾಲಿ ಗಾಡಿಯೇ ಸುಲಭವಾಗಿ ಪಕ್ಕಕ್ಕೆ ಮಗುಚುತ್ತದೆ.

ಕಾರಣ ಗಾಡಿಯ ಅಡಿಯಲ್ಲಿದೆ. ನೋಡಲು ಚಕ್ರ ನಾಲ್ಕು. ಆದರೆ ಹಿಂದಿನ ಆಕ್ಸಲ್ ನಟ್ಟನಡುವೆ ಒಂದೇ ಪಿನ್ನಿಗೆ ಸಿಕ್ಕಿಕೊಂಡು ತೊನೆಯುತ್ತಿರುತ್ತದೆ. ಕಾರಿಗಿರುವಂಥ ಸ್ಪ್ರಿಂಗ್ ಇದಕ್ಕಿಲ್ಲ. ನೆಲ ತುಸು ಏರುತಗ್ಗಾದರೂ ಎಲ್ಲ ಚಕ್ರಗಳೂ ನೆಲಕ್ಕೆ ತಾಗಿರಲಿ ಎಂದು ಈ ಏರ್ಪಾಡು. ಹಾಗಾಗಿ ಗಾಡಿ ನಿಜಕ್ಕೂ ನಿಂತಿರುವುದು ಮೂರೇ ಬಿಂದುಗಳ ಮೇಲೆ: ಮುಂದಿನ ಎರಡು ಚಕ್ರ, ಹಿಂದಿನ ಆ ಪಿನ್ನು. ಆಟೋರಿಕ್ಷಾವನ್ನು ಹಿಂದುಮುಂದು ಮಾಡಿದಂತೆ ಎನ್ನಿ. ಗಾಡಿಯ ಗುರುತ್ವ ಕೇಂದ್ರ, ಅಂದರೆ ಒಟ್ಟು ಭಾರ ನೆಲೆಸಿದೆ ಎನ್ನಬಹುದಾದ ಬಿಂದು, ಈ ಮೂರು ಬಿಂದುಗಳ ತ್ರಿಕೋನದೊಳಗೆ ಇರುವ ತನಕ ಕ್ಷೇಮ.

ಸರಕು ಹೊತ್ತಾಗ ಗುರುತ್ವ ಕೇಂದ್ರ ಮುಂದಕ್ಕೆ, ತ್ರಿಕೋನದ ಅಗಲವಾದ ಭಾಗಕ್ಕೆ ಸರಿಯುತ್ತದೆ. ಸರಕಿಲ್ಲದಾಗ ಸರಕಿನ ಭಾರಕ್ಕೆ ಸರಿದೂಗಿಸಲು ಹಿಂಬದಿಯಲ್ಲಿಟ್ಟ ಕಬ್ಬಿಣದ ತೂಕ (ಕೌಂಟರ್‌ವೇಟ್) ಅದನ್ನು ಹಿಂದಕ್ಕೆ, ತ್ರಿಕೋನದ ಚೂಪು ತುದಿಯತ್ತ ಎಳೆಯುತ್ತದೆ. ಅಲ್ಲಿ ಎಡಬಲದಲ್ಲಿ ಉಳಿಯುವ ಜಾಗ ಕಡಿಮೆ.

ಇನ್ನು ವೇಗ. ಪಕ್ಕಕ್ಕೆ ತಳ್ಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 2 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 6 ಕಿ.ಮೀ. ವೇಗದಲ್ಲಿ ತೆಗೆದುಕೊಂಡರೆ ಪಕ್ಕದ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 1.4 ಮೀಟರ್. ಅದೇ ತಿರುವಿನಲ್ಲಿ 12 ಕಿ.ಮೀ. ಆದರೆ 5.6. ಗುರುತ್ವ ಕೇಂದ್ರದಿಂದ ತ್ರಿಕೋನದ ಅಂಚಿಗೆ ಇರುವ ದೂರ ಅದರ ಎತ್ತರದ ಅರ್ಧದಷ್ಟಿದ್ದರೆ, ಆ ಗಾಡಿ ತಾಳುವುದು 4.9ರವರೆಗೆ ಮಾತ್ರ. ರಸ್ತೆಯಲ್ಲಿ 12 ಕಿ.ಮೀ. ಎಂದರೆ ಸೈಕಲ್ಲಿನ ವೇಗ. ಇಲ್ಲಿ ಅಷ್ಟೇ ವೇಗ ಗಾಡಿಯನ್ನು ಉರುಳಿಸಬಲ್ಲದು. ಫೋರ್ಕನ್ನು ಮೇಲೆತ್ತಿಕೊಂಡೇ ತಿರುಗಿಸಿದರೆ ಗುರುತ್ವ ಕೇಂದ್ರವೂ ಮೇಲೇರಿ, ತಾಳುವ ಶಕ್ತಿ ಇನ್ನೂ ಕುಗ್ಗುತ್ತದೆ.

1980ರಿಂದ 1994ರ ನಡುವೆ ಅಮೆರಿಕದಲ್ಲಿ ಫೋರ್ಕ್‌ಲಿಫ್ಟ್ ಅವಘಡಗಳಲ್ಲಿ ಸತ್ತ ಕಾರ್ಮಿಕರು 1,021 ಮಂದಿ ಎಂದು ಅಲ್ಲಿನ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯಾಶ್ ಲೆಕ್ಕ ಹಾಕಿತ್ತು. ಅವರಲ್ಲಿ ಶೇ. 22ರಷ್ಟು ಮಂದಿ ಸತ್ತದ್ದು ಗಾಡಿ ಮಗುಚಿ. ಗಾಡಿ ವಾಲಿದೊಡನೆ ಹೊರಗೆ ಜಿಗಿಯಬೇಕೆನಿಸುವುದು ಸಹಜ, ಆದರೆ ಜೀವ ಹೋಗುವುದು ಅಲ್ಲೇ: ಜಿಗಿದವನ ಮೇಲೆಯೇ ತಲೆಮೇಲಿನ ಕಬ್ಬಿಣದ ಚೌಕಟ್ಟು ಬೀಳುತ್ತದೆ. ಸೀಟ್ ಬೆಲ್ಟ್ ಹಾಕಿಕೊಂಡು, ಸ್ಟೇರಿಂಗ್ ಬಿಗಿಯಾಗಿ ಹಿಡಿದು, ಕಾಲೂರಿ, ಗಾಡಿ ಬೀಳುವ ಕಡೆಗೆ ವಿರುದ್ಧವಾಗಿ ವಾಲಬೇಕು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ನಿಂತ ಗಾಡಿಯಲ್ಲಿ ಕೂರಿಸಿ ಮತ್ತೆ ಮತ್ತೆ ಮಾಡಿಸಬೇಕು.

ಯಂತ್ರದಲ್ಲೂ ಪರಿಹಾರಗಳಿವೆ. ಟೊಯೋಟಾ 1990ರ ದಶಕದ ಕೊನೆಯಲ್ಲಿ ತಂದ ವ್ಯವಸ್ಥೆ, ತಿರುವಿನಲ್ಲಿ ಅಪಾಯದ ಸುಳಿವು ಸಿಕ್ಕ ಕೂಡಲೇ ಹೈಡ್ರಾಲಿಕ್ ಸಿಲಿಂಡರಿನಿಂದ ಹಿಂದಿನ ಆಕ್ಸಲ್ ತೊನೆಯದಂತೆ ಬಿಗಿಹಿಡಿಯುತ್ತದೆ. ತ್ರಿಕೋನ ಆ ಕ್ಷಣಕ್ಕೆ ಚತುಷ್ಕೋನವಾಗುತ್ತದೆ. ನನಗೆ ಇದು ಬಹಳ ಚೆಂದದ ಉಪಾಯ ಅನ್ನಿಸುತ್ತದೆ. ಆದರೂ ಮೊದಲು ಆಗಬೇಕಾದದ್ದು ವೇಗಮಿತಿ. ಗಂಟೆಗಿಷ್ಟು ಟ್ರಿಪ್ ಆಗಲೇಬೇಕೆಂದು ಮೇಲಿನವರು ಒತ್ತಾಯಿಸಿ, ಗಾಡಿ ಮಗುಚಿದ ಮೇಲೆ ಡ್ರೈವರನ್ನು ದೂರುವುದು ಅನ್ಯಾಯ.

ಅಪಾಯ ಡ್ರೈವರಿಗಷ್ಟೇ ಅಲ್ಲ. ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಚಕ್ರಗಳಿಂದ. ಮೂತಿ ಎಡಕ್ಕೆ ಹೊರಳಿದರೆ ಹಿಂಭಾಗ ಬಲಕ್ಕೆ ಬೀಸಿ ಬರುತ್ತದೆ. ಗಾಡಿ ಆಚೆ ತಿರುಗುತ್ತಿದೆಯಲ್ಲ ಎಂದು ರ‍್ಯಾಕಿನ ಪಕ್ಕ ನೆಮ್ಮದಿಯಾಗಿ ನಿಂತವರು ಆ ಟನ್ನುಗಟ್ಟಲೆ ಕಬ್ಬಿಣಕ್ಕೂ ರ‍್ಯಾಕಿಗೂ ನಡುವೆ ಸಿಲುಕುತ್ತಾರೆ. ನಡೆಯುವವರ ದಾರಿಯನ್ನು ಬರೀ ಹಳದಿ ಗೆರೆಯಿಂದಲ್ಲ, ಕಬ್ಬಿಣದ ಕಂಬಿಯಿಂದ ಬೇರ್ಪಡಿಸಬೇಕು. ಕಂಬಿ ಹಾಕಲಾಗದ ಕಡೆ, ಡ್ರೈವರ್ ಗಾಡಿ ನಿಲ್ಲಿಸಿ ನಿಮ್ಮನ್ನು ನೋಡಿ ತಲೆಯಾಡಿಸುವ ತನಕ ಅದರ ಹತ್ತಿರ ಹೋಗಬೇಡಿ.